ಎಣ್ಣೆ ನಿಂತಾಗ ನಮ್ಮ ನಾಡು ಏನು ಮಾಡಿತು?

ಮೈಸೂರು ಕಡೆಯವರು ಸೀಮೆಎಣ್ಣೆ ಎನ್ನುವುದನ್ನು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಚಿಮಣಿ ಎಣ್ಣೆ ಎನ್ನುತ್ತೇವೆ. ಎರಡೂ ಹೆಸರುಗಳಲ್ಲಿ ಇತಿಹಾಸ ಅಡಗಿದೆ. ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ ಎಂಬ ಮಾತುಗಳಲ್ಲಿ ಇರುವಂತೆ ಇಲ್ಲಿಯೂ ಸೀಮೆ ಎಂದರೆ ಪರದೇಶ. ಒಂದು ಹೆಸರು ಈ ಎಣ್ಣೆ ಹೊರಗಿನದೆಂಬುದನ್ನು ನೆನಪಿಟ್ಟುಕೊಂಡಿದೆ, ಇನ್ನೊಂದು ಅದರ ಜೊತೆಗೆ ಬಂದ ಗಾಜಿನ ದೀಪವನ್ನು ನೆನಪಿಟ್ಟುಕೊಂಡಿದೆ. ಅದಕ್ಕಿಂತ ಮೊದಲು ನಮ್ಮ ಮನೆಗಳಲ್ಲಿ ಉರಿಯುತ್ತಿದ್ದುದು ಔಡಲೆಣ್ಣೆ, ಕುಸುಬಿ ಎಣ್ಣೆ, ಹೊಂಗೆ ಎಣ್ಣೆ. ಇವೆಲ್ಲ ಊರ ಗಾಣದಲ್ಲಿಯೇ ಸಿದ್ಧವಾಗುತ್ತಿದ್ದವು.

ಅಮೆರಿಕದ ಪೆನ್ಸಿಲ್ವೇನಿಯದ ಟೈಟಸ್‌ವಿಲ್ ಎಂಬಲ್ಲಿ 1859ರಲ್ಲಿ ಮೊದಲ ಯಶಸ್ವಿ ತೈಲಬಾವಿ ಕೊರೆಯಲಾಯಿತು. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಎಣ್ಣೆ ಸಿಕ್ಕಿತು, 1901ರಲ್ಲಿ ಅಲ್ಲಿ ಶುದ್ಧೀಕರಣ ಕೇಂದ್ರ ಆರಂಭವಾಯಿತು. ಬರ್ಮಾದ ತೈಲವಂತೂ ಹಡಗುಗಳಲ್ಲಿ ತುಂಬಿ ಭಾರತಕ್ಕೆ ಬರತೊಡಗಿತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಊರ ಗಾಣದ ದೀಪದೆಣ್ಣೆ ಮೂಲೆ ಸೇರಿ, ನಮ್ಮ ಮನೆಯ ಬೆಳಕು ಸಾವಿರಾರು ಮೈಲಿ ದೂರದ ಬಾವಿಯ ಅಧೀನವಾಯಿತು.

ಎಣ್ಣೆ ಮುಗಿಯುತ್ತದೆ, ಪರ್ಯಾಯ ಹುಡುಕಬೇಕು ಎಂಬ ಮಾತನ್ನು ವಿದ್ಯಾರ್ಥಿ ಮಿತ್ರರು ಇಂದು ಹೊಸದೆಂಬಂತೆ ಕೇಳುತ್ತಾರೆ. ಅದು ಹೊಸದಲ್ಲ. ಕಳೆದ ಎಂಬತ್ತು ವರ್ಷಗಳಲ್ಲಿ ಎಣ್ಣೆ ಹಲವು ಬಾರಿ ನಮಗೆ ಕೈಕೊಟ್ಟಿದೆ, ಅಥವಾ ಕೈಗೆಟುಕದಷ್ಟು ದುಬಾರಿಯಾಗಿದೆ. ಪ್ರತಿ ಬಾರಿಯೂ ನಮ್ಮವರು ಪರ್ಯಾಯವನ್ನು ಕಂಡುಕೊಂಡರು. ಎಣ್ಣೆ ಅಗ್ಗವಾಗಿ ಮರಳಿದೊಡನೆ ಬಹಳಷ್ಟನ್ನು ಬಿಟ್ಟುಬಿಟ್ಟರು. ಕಂಡುಕೊಂಡ ಕಥೆಯನ್ನು ವಿಜ್ಞಾನದ ಪುಸ್ತಕಗಳು ಹೇಳುತ್ತವೆ. ಬಿಟ್ಟ ಕಥೆಯನ್ನು ಇತಿಹಾಸದ ವಿದ್ಯಾರ್ಥಿಯೇ ಹೇಳಬೇಕಾಗಿದೆ.

ಇದ್ದಿಲಿನ ಬಸ್ಸು

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಭಾರತದಲ್ಲಿ ಪೆಟ್ರೋಲ್ ಪಡಿತರಕ್ಕೆ ಒಳಪಟ್ಟಿತು. ಮರುವರ್ಷ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. 1942ರ ಮಾರ್ಚ್ ತಿಂಗಳಲ್ಲಿ ಜಪಾನೀಯರು ರಂಗೂನನ್ನು ವಶಪಡಿಸಿಕೊಂಡರು. ತೈಲ ಶತ್ರುವಿನ ಕೈಸೇರಬಾರದೆಂದು ಬ್ರಿಟಿಷರೇ ರಂಗೂನ್ ಬಳಿಯ ಸಿರಿಯಮ್ ಶುದ್ಧೀಕರಣ ಕೇಂದ್ರವನ್ನು ನಾಶಪಡಿಸಿದರು. ಏಪ್ರಿಲ್ ತಿಂಗಳಲ್ಲಿ ಯೆನಾಂಗ್‌ಯಾಂಗ್‌ನ ತೈಲಬಾವಿಗಳಿಗೂ ಅದೇ ಗತಿಯಾಯಿತು. ಬರ್ಮಾದ ಬಾವಿ ಅಲ್ಲಿ ಉರಿದುಹೋದಾಗ ಇಲ್ಲಿಯ ಹಳ್ಳಿಗಳ ಚಿಮಣಿ ಆರಿತು.

ಆಗ ರಸ್ತೆಗಿಳಿದುದೇ ಇದ್ದಿಲಿನ ಬಸ್ಸು. ನನ್ನ ನಾನಾ, ಅಂದರೆ ತಾಯಿಯ ತಂದೆ, ಇದರ ಮಾತು ಬಂದರೆ ನಗುತ್ತಿದ್ದರು. ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಪೀಪಾಯಿ ಕಟ್ಟಿರುತ್ತಿತ್ತು. ಅದರಲ್ಲಿ ಇದ್ದಿಲು ತುಂಬಿ ಬೆಂಕಿ ಹಚ್ಚಿ, ಕ್ಲೀನರ್ ಹುಡುಗ ಹಿಡಿಕೆಯ ಪಂಖ ತಿರುಗಿಸಬೇಕು. ಅವನ ಮೈಯಿಂದ ಬೆವರು ಇಳಿದ ಮೇಲೆಯೇ ಎಂಜಿನ್ನು ಕೆಮ್ಮುತ್ತ ಏಳುತ್ತಿತ್ತಂತೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವುದು ಏರುಹಾದಿ. ಏರು ಬಂದಾಗ ಗಂಡಸರು ಇಳಿದು ನೂಕಬೇಕು, ಇಳಿಜಾರಿನಲ್ಲಿ ಓಡಿ ಹತ್ತಬೇಕು. ಬಿಳಿ ಅಂಗಿ ತೊಟ್ಟು ಮದುವೆಗೆ ಹೊರಟವರು ಮಸಿ ಬಳಿದುಕೊಂಡು ಇಳಿಯುತ್ತಿದ್ದರು ಎಂದು ಅವರು ಹೇಳುವಾಗ ಮನೆಯ ಮಕ್ಕಳೆಲ್ಲ ಸುತ್ತ ಕೂಡುತ್ತಿದ್ದೆವು.

ನಗೆಯ ಆಚೆಗೆ ಅದರ ತಂತ್ರವನ್ನು ನೋಡಿದರೆ ಅದು ಹಗುರವಾದ ಸಾಧನೆಯಲ್ಲ. ಇದ್ದಿಲಿಗೆ ಸಾಕಷ್ಟು ಗಾಳಿ ಕೊಡದೆ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಅದನ್ನು ತಣಿಸಿ, ಬೂದಿಯನ್ನು ಸೋಸಿ ಎಂಜಿನ್ನಿಗೆ ಕಳಿಸಿದರೆ ಪೆಟ್ರೋಲಿನ ಕೆಲಸ ಮಾಡುತ್ತದೆ. ಶಕ್ತಿ ಮಾತ್ರ ಮೂರನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕುಂದುತ್ತದೆ. ಅದೇ ವರ್ಷಗಳಲ್ಲಿ ಯುರೋಪಿನಲ್ಲಿ ಲಕ್ಷಾಂತರ ವಾಹನಗಳು ಹೀಗೆಯೇ ಓಡಿದವು. ನಮ್ಮಲ್ಲಿ ಇದನ್ನು ನಡೆಸಿದವರು ಇಂಜಿನಿಯರಿಂಗ್ ಓದಿದವರಲ್ಲ. ಗ್ಯಾರೇಜಿನ ಮಿಸ್ತ್ರಿಗಳು, ಲೋಹಾರರು, ಡ್ರೈವರುಗಳು. ಕೈಯಿಂದ ಕೈಗೆ ದಾಟಿದ ಆ ವಿದ್ಯೆಯನ್ನು ಬರೆದಿಟ್ಟವರು ವಿರಳ.

ಯುದ್ಧ ಮುಗಿದು ಪೆಟ್ರೋಲ್ ಮತ್ತೆ ಸಿಗತೊಡಗಿದಾಗ ಆ ಪೀಪಾಯಿಗಳನ್ನು ಕಳಚಿ ಗುಜರಿಗೆ ಹಾಕಿದರು. ಯಾರನ್ನೂ ದೂರುವಂತಿಲ್ಲ. ಇದ್ದಿಲಿನ ಹೊಗೆ ವಿಷ, ಅದಕ್ಕಾಗಿ ಕಡಿದ ಕಾಡು ಕಡಿಮೆಯಲ್ಲ, ಪ್ರಯಾಣವೂ ಪಡಿಪಾಟಲು. ಆದರೆ ಸೌದೆಯಿಂದ ಅನಿಲ ತೆಗೆದು ಎಂಜಿನ್ ನಡೆಸುವ ವಿದ್ಯೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಪ್ರಯೋಗಾಲಯದಲ್ಲಿ ಮತ್ತೆ ರೂಢಿಸಿಕೊಳ್ಳಬೇಕಾಯಿತು. ನಡುವೆ ನಲವತ್ತು ವರ್ಷ ಸರಿದಿತ್ತು.

ಕೊಲ್ಲಿಯ ದುಡ್ಡು, ಇಲ್ಲಿಯ ಸರದಿ ಸಾಲು

1973ರ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ ನಡೆದಾಗ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದವು. ಬ್ಯಾರೆಲ್ಲಿಗೆ ಮೂರು ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ 1974ರ ಜನವರಿಗೆ ಹನ್ನೊಂದು ಡಾಲರ್ ದಾಟಿತು. ಪೆಟ್ರೋಲ್ ಬೆಲೆಯೇರಿಕೆಯನ್ನು ಪ್ರತಿಭಟಿಸಲು ಅಟಲ್ ಬಿಹಾರಿ ವಾಜಪೇಯಿಯವರು ಎತ್ತಿನ ಬಂಡಿಯಲ್ಲಿ ಸಂಸತ್ತಿಗೆ ಬಂದುದು ಆ ನವೆಂಬರಿನಲ್ಲಿಯೇ. ಅಡುಗೆಮನೆಗಳಲ್ಲಿ ಸ್ಟೋವ್ ಹಚ್ಚಲು ಚಿಮಣಿ ಎಣ್ಣೆ ಇಲ್ಲದೆ ಗೃಹಿಣಿಯರು ಡಬ್ಬಿ ಹಿಡಿದು ಸರದಿ ನಿಂತರು.

ಇದೇ ಸಂಗತಿಗೆ ಇನ್ನೊಂದು ಮುಖವಿತ್ತು, ಅದು ನಮ್ಮ ಓದುಗರ ಮನೆಗಳಿಗೆ ಚೆನ್ನಾಗಿ ಗೊತ್ತು. ಏರಿದ ಬೆಲೆಯಿಂದ ಕೊಲ್ಲಿ ರಾಷ್ಟ್ರಗಳಲ್ಲಿ ಹಣ ಹರಿಯಿತು, ಕಟ್ಟಡ-ರಸ್ತೆಗಳ ಕೆಲಸ ಹೆಚ್ಚಿತು. ಕರಾವಳಿಯಿಂದಲೂ ನಮ್ಮ ಉತ್ತರ ಕರ್ನಾಟಕದಿಂದಲೂ ಯುವಕರು ಅಲ್ಲಿಗೆ ದುಡಿಯಲು ಹೋದರು. ತಾಯಿ ಇಲ್ಲಿ ಎಣ್ಣೆಗಾಗಿ ಸಾಲಿನಲ್ಲಿ ನಿಂತಿದ್ದರೆ, ಮಗ ಎಣ್ಣೆಯ ನಾಡಿನಿಂದ ಡ್ರಾಫ್ಟ್ ಕಳಿಸುತ್ತಿದ್ದ. ಅದೇ ಹಣದಲ್ಲಿ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತ್ ಮೇಲೆ ದಾಳಿ ಮಾಡಿದಾಗ ಎರಡೂ ಒಟ್ಟಿಗೆ ಕಡಿದವು. ಬೆಲೆ ಏರಿತು, ದುಡಿಯಲು ಹೋದವರು ಬರಿಗೈಲಿ ಮರಳಿದರು. ಏರ್ ಇಂಡಿಯಾ ಮುಂತಾದ ವಿಮಾನಗಳು ಆಗ 1,70,000ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ತೈಲದ ಇತಿಹಾಸವನ್ನು ಬರೇ ಬೆಲೆಯ ಅಂಕಿಗಳಲ್ಲಿ ಬರೆಯುವವರು ಈ ಮನೆಗಳ ಕಡೆಗೂ ಒಮ್ಮೆ ನೋಡಬೇಕು.

ಈಗ ಪರ್ಯಾಯದ ಮಾತಿಗೆ ಮರಳೋಣ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು 'ಅಸ್ತ್ರ' ಎಂಬ ಘಟಕ ಕಟ್ಟಿದರು. ಹಳ್ಳಿಗಳಿಗೆ ವಿಜ್ಞಾನ-ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಉದ್ದೇಶ. ಕಡಿಮೆ ಸೌದೆಯಲ್ಲಿ ಉರಿಯುವ 'ಅಸ್ತ್ರ ಒಲೆ'ಯ ಹೆಸರು ಹಿರಿಯರಿಗೆ ನೆನಪಿರಬಹುದು. ಆದರೆ ನನಗೆ ಮುಖ್ಯವೆನಿಸುವುದು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯ ಪ್ರಯೋಗ.

ಅಲ್ಲಿ ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಕೂಡಿಸಿ, ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಮನೆಮನೆಗೆ ಅಡುಗೆ ಅನಿಲ ಕೊಡಬೇಕೆಂದು ವಿಜ್ಞಾನಿಗಳು ಮೊದಲು ಯೋಜಿಸಿದರು. ಅದು ಸೋತಿತು. ಎಲ್ಲ ಮನೆಗಳ ಒಲೆಗೆ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ದುಡ್ಡು ಕೊಡದೆ ಸೌದೆ ಆರಿಸಿ ತರುತ್ತಿದ್ದವರಿಗೆ ಅರೆಬರೆ ಅನಿಲದಲ್ಲಿ ಆಸಕ್ತಿಯೂ ಉಳಿಯಲಿಲ್ಲ. ಆಗ ಆ ವಿಜ್ಞಾನಿಗಳು ಊರವರ ಜೊತೆ ಕುಳಿತು ನಿಮಗೇನು ಬೇಕು ಎಂದು ಕೇಳಿದರು. ಬಂದ ಉತ್ತರ ನೀರು ಮತ್ತು ಬೆಳಕು. 1987ರಲ್ಲಿ ಅದೇ ಅನಿಲದಿಂದ ಐದು ಕಿಲೋವ್ಯಾಟಿನ ಜನರೇಟರ್ ಓಡಿಸಿ, ಕೊಳವೆಬಾವಿಯ ನೀರನ್ನು ಎತ್ತಿ ನಲ್ಲಿಗಳಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಕಾಸು, ಅನಿಲ ತೆಗೆದ ಮೇಲೆ ಗೊಬ್ಬರವೂ ಮರಳಿ ಅವರಿಗೇ. ಯೋಜನೆಯನ್ನು ನಡೆಸಿದವರು ಊರಿನ ಹುಡುಗರು.

ಒಂದು ದಶಕದಷ್ಟು ಕಾಲ ನಡೆದ ಮೇಲೆ ಅದೂ ನಿಂತಿತು. ಆದರೂ ಪುರ ಗ್ರಾಮವನ್ನು ಸೋಲಿನ ಪಟ್ಟಿಗೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೊದಲ ಯೋಜನೆ ಮುರಿದಾಗ ಹಳ್ಳಿಗರು ಅಜ್ಞಾನಿಗಳು ಎಂದು ವರದಿ ಬರೆದು ಹೊರಟುಹೋಗುವವರೇ ಹೆಚ್ಚು. ಇವರು ಹಾಗೆ ಮಾಡಲಿಲ್ಲ.

ಹುಬ್ಬಳ್ಳಿಯಿಂದ ನೂರು ಕಿಲೋಮೀಟರ್ ಆಚೆಗಿರುವ ಶಿರಸಿಯ ಕಥೆ ಇದಕ್ಕಿಂತ ಬೇರೆ. ಅಲ್ಲಿಯ ಅಡಿಕೆ ತೋಟಿಗರ ಮನೆಗಳಲ್ಲಿ ಗೋಬರ್ ಗ್ಯಾಸ್ ಬೇರೂರಿತು. 2001ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿಯ ಸ್ಥಾವರಗಳು ಕಟ್ಟಿದಷ್ಟಕ್ಕೇ ನಿಲ್ಲದೆ ಕೆಲಸ ಮಾಡುತ್ತಿದ್ದುದು ಕಂಡುಬಂತು. ಕೊಟ್ಟಿಗೆಯಲ್ಲಿ ದನ, ತೋಟಕ್ಕೆ ಗೊಬ್ಬರದ ಅಗತ್ಯ ಎರಡೂ ಇದ್ದವು ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಯೋಜನೆ ಬರೆಯುವವರು ಮರೆಯುತ್ತಾರೆ. ಕಟ್ಟಿಕೊಟ್ಟವನು ಅದೇ ಊರ ಸುತ್ತಿನವನಾಗಿದ್ದ, ಕೆಟ್ಟರೆ ಬಂದು ರಿಪೇರಿ ಮಾಡುತ್ತಿದ್ದ. ಬಯಲುಸೀಮೆಯ ಹಳ್ಳಿಗಳಲ್ಲಿ ಸಬ್ಸಿಡಿಗಾಗಿ ಕಟ್ಟಿದ ಎಷ್ಟೋ ಗುಂಡಿಗಳು ಮೊದಲ ರಿಪೇರಿಗೇ ನಿಂತು, ಮಳೆನೀರು ತುಂಬಿ, ಕೋಳಿ ಮುಚ್ಚುವ ಜಾಗವಾದುದನ್ನು ನಾನೇ ಕಂಡಿದ್ದೇನೆ.

ಹೊಂಗೆಯ ದಿನಗಳು

ಡೀಸೆಲ್ ಎಂಜಿನ್ನಿಗೆ ಹೆಸರು ಕೊಟ್ಟ ರುಡಾಲ್ಫ್ ಡೀಸೆಲ್ ತಾನು ರೂಪಿಸಿದ ಯಂತ್ರಕ್ಕೆ ಸಸ್ಯದ ಎಣ್ಣೆಯೂ ಆದೀತೆಂದು ನಂಬಿದ್ದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಬಗೆಯ ಒಂದು ಎಂಜಿನ್ ಶೇಂಗಾ ಎಣ್ಣೆಯಲ್ಲಿ ಓಡಿತ್ತು. ಧಾರವಾಡ ಜಿಲ್ಲೆಯ ರೈತನಿಗೆ ಈ ಸುದ್ದಿ ಅಂದೇ ತಲುಪಿದ್ದರೆ ಏನೆನ್ನುತ್ತಿದ್ದನೋ!

ಅದಾದ ನೂರು ವರ್ಷಕ್ಕೆ, 1999-2000ರ ಸುಮಾರಿಗೆ, ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯನ್ನು ಡೀಸೆಲ್ ಬದಲಿಗೆ ಬಳಸಿ ಹಳ್ಳಿಯ ನೀರೆತ್ತುವ ಕೆಲಸಕ್ಕೆ ಹಚ್ಚಿದರು. ನಮಗೆ ಹತ್ತಿರದ ದಾಂಡೇಲಿಯಲ್ಲಿ ಒಂದು ಲೋಹದ ಕಾರ್ಖಾನೆ 2001ರ ಸುಮಾರಿಗೆ ತನ್ನ ಜನರೇಟರುಗಳನ್ನು ಇದೇ ಎಣ್ಣೆಯಲ್ಲಿ ಓಡಿಸಿ ತೋರಿಸಿತು. ಹೊಂಗೆಗೆ ನಮ್ಮ ನಾಡಿನಲ್ಲಿ ಹುಲಗಲ ಎಂಬ ಹೆಸರೂ ಉಂಟು. ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ಮರ. ದನ ತಿನ್ನುವುದಿಲ್ಲ, ಬರಕ್ಕೆ ಅಂಜುವುದಿಲ್ಲ, ಹಿಂಡಿ ಒಳ್ಳೆಯ ಗೊಬ್ಬರ. ಬೀಜದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಎಣ್ಣೆ. ಅಜ್ಜಿಯರ ದೀಪದ ಎಣ್ಣೆಯೇ ಪ್ರಯೋಗಾಲಯದ ದಾರಿಯಿಂದ ಮತ್ತೆ ಊರಿಗೆ ಬಂದಿತ್ತು.

2008ರ ಜುಲೈಯಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತು. 2009ರಲ್ಲಿ ಕರ್ನಾಟಕ ತನ್ನದೇ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. 'ಹಸಿರು ಹೊನ್ನು', 'ಬರಡು ಬಂಗಾರ' ಎಂಬ ಚೆಂದದ ಹೆಸರುಗಳಲ್ಲಿ ಸಸಿ ನೆಡುವ ಕಾರ್ಯಕ್ರಮಗಳು ನಡೆದವು. ಆದರೆ ನೀತಿ ಬರುವ ಮೊದಲೇ, 2008ರ ಡಿಸೆಂಬರಿನಲ್ಲಿ, ಕಚ್ಚಾ ತೈಲದ ಬೆಲೆ 40 ಡಾಲರಿಗಿಂತ ಕೆಳಗಿಳಿದಿತ್ತು. ಮುಂದೆ ಮತ್ತೆ ಏರಿ, 2014ರ ಕೊನೆಗೆ ಮತ್ತೆ ಕುಸಿಯಿತು. ಹೊಂಗೆ ಗಿಡ ಫಲ ಕೊಡಲು ಐದಾರು ವರ್ಷ ಬೇಕು, ತುಂಬು ಫಸಲಿಗೆ ಇನ್ನಷ್ಟು. ಬೆಲೆ ಏರಿದಾಗ ನೆಟ್ಟ ಸಸಿ ಕಾಯಿ ಬಿಡುವ ಹೊತ್ತಿಗೆ ಬೆಲೆ ಇಳಿದಿರುತ್ತದೆ. ಬೀಜ ಆರಿಸುವ ಕೂಲಿ ಗಿಟ್ಟದಿದ್ದರೆ ಯಾರು ಬಗ್ಗಿ ಆರಿಸುತ್ತಾರೆ? ಜಟ್ರೋಫಾ ಎಂಬ ಕಾಡು ಔಡಲದ್ದು ಇನ್ನೂ ಕೆಟ್ಟ ಕಥೆ. ಡೀಸೆಲಿನಲ್ಲಿ ಶೇಕಡಾ 20ರಷ್ಟು ಜೈವಿಕ ಡೀಸೆಲ್ ಬೆರೆಸುವ ಆಸೆಯಿಂದ 2003ರಲ್ಲಿ ದೇಶಮಟ್ಟದಲ್ಲಿ ಸದ್ದು ಮಾಡಿ, ಹೇಳಿದಷ್ಟು ಬೀಜ ಕೊಡದೆ ಅದು ರೈತರ ನಂಬಿಕೆಯನ್ನೇ ಕಳೆಯಿತು.

ನಾವಷ್ಟೇ ಮರೆಗುಳಿಗಳಲ್ಲ. ಬ್ರೆಜಿಲ್ 1975ರಲ್ಲಿ ಕಬ್ಬಿನ ಮದ್ಯಸಾರದಿಂದ ಕಾರು ಓಡಿಸುವ ದೊಡ್ಡ ಯೋಜನೆ ಹಾಕಿತು. 1980ರ ದಶಕದಲ್ಲಿ ತೈಲ ಅಗ್ಗವಾಯಿತು, ಸಕ್ಕರೆಗೆ ಬೆಲೆ ಬಂತು. ದಶಕದ ಕೊನೆಗೆ ಬಂಕುಗಳಲ್ಲಿ ಮದ್ಯಸಾರ ಸಿಗದೆ ಜನ ಆ ಕಾರುಗಳನ್ನು ಶಪಿಸಿದರು. ಎರಡೂ ಇಂಧನಗಳಲ್ಲಿ ಓಡುವ ಕಾರು 2003ರಲ್ಲಿ ಬಂದ ಮೇಲೆಯೇ ಅಲ್ಲಿ ಮತ್ತೆ ವಿಶ್ವಾಸ ಹುಟ್ಟಿತು.

ಎಣ್ಣೆ ನಿಜಕ್ಕೂ ಮುಗಿಯುತ್ತಿದೆಯೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಾವು ಓದುವಾಗ ಇನ್ನು ಮೂವತ್ತು ವರ್ಷಕ್ಕೆ ಮುಗಿಯುತ್ತದೆ ಎನ್ನುತ್ತಿದ್ದರು, ಮುಗಿಯಲಿಲ್ಲ. ಕಿಂಗ್ ಹಬ್ಬರ್ಟ್ ಎಂಬ ಭೂವಿಜ್ಞಾನಿ 1956ರಲ್ಲಿ ಅಮೆರಿಕದ ಉತ್ಪಾದನೆ ಸುಮಾರು 1970ಕ್ಕೆ ಶಿಖರ ಮುಟ್ಟಿ ಇಳಿಯುತ್ತದೆಂದು ಲೆಕ್ಕ ಹಾಕಿದ, ಹಾಗೆಯೇ ಆಯಿತು. ಆದರೆ ಕಲ್ಲಿನ ಪದರ ಸೀಳಿ ತೈಲ ತೆಗೆಯುವ ತಂತ್ರ ಬಂದು 2018ರಲ್ಲಿ ಆ ಶಿಖರವನ್ನೂ ಅಮೆರಿಕ ದಾಟಿತು. ನಮ್ಮ ದೇಶದ ಸ್ಥಿತಿ ಬೇರೆ. ನಾವು ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಹೊರಗಿನದು. ಬಾವಿ ಬತ್ತುವ ತನಕ ಕಾಯಬೇಕಾಗಿಲ್ಲ, ದಾರಿ ಮುಚ್ಚಿದರೆ ಸಾಕು. ಅದು 1942ರಲ್ಲಿಯೇ ಗೊತ್ತಾದ ಸಂಗತಿ.

ಉಳಿದುಕೊಂಡವು

ಎಲ್ಲವನ್ನೂ ಬಿಟ್ಟೆವು ಎಂದರೆ ಅನ್ಯಾಯವಾದೀತು. ಗೋಕಾಕ ಜಲಪಾತದ ನೀರು 1887ರಲ್ಲಿ ಹತ್ತಿ ಗಿರಣಿಯನ್ನು ನಡೆಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡು 1902ರಲ್ಲಿ ಆರಂಭವಾದ ಶಿವನಸಮುದ್ರದ ಕೇಂದ್ರವು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. ಸೌದೆ-ಕಲ್ಲಿದ್ದಲಿನ ಬೆಲೆ ಇಳಿದರೂ ಯಾರೂ ಆ ತಂತಿ ಕೀಳಲಿಲ್ಲ. ನಮ್ಮ ಹುಬ್ಬಳ್ಳಿಯ ರೈಲನ್ನೇ ನೋಡಿರಿ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದಾಗ ದಕ್ಷಿಣದ ಅನೇಕ ಮಾರ್ಗಗಳಲ್ಲಿ ಸೌದೆಯನ್ನೇ ಉರಿಸುತ್ತಿದ್ದರು. ಮುಂದೆ ಕಲ್ಲಿದ್ದಲು, ಆಮೇಲೆ ಡೀಸೆಲ್. 2023ರ ಮಾರ್ಚ್ 12ರಂದು ಹುಬ್ಬಳ್ಳಿಯ 1,507 ಮೀಟರಿನ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದಾಗ ಪತ್ರಿಕೆಗಳೆಲ್ಲ ಅದರ ಉದ್ದವನ್ನೇ ಬರೆದವು. ಅದೇ ದಿನ ಹೊಸಪೇಟೆ-ಹುಬ್ಬಳ್ಳಿ-ತಿನೈಘಾಟ್ ಮಾರ್ಗದ ವಿದ್ಯುದೀಕರಣವೂ ಸಮರ್ಪಣೆಯಾಯಿತು. ನನ್ನ ಮಟ್ಟಿಗೆ ದೊಡ್ಡ ಸುದ್ದಿ ಅದು. ಕಂಬ ನೆಟ್ಟು ತಂತಿ ಎಳೆದ ಮೇಲೆ ಡೀಸೆಲ್ ಎರಡು ರೂಪಾಯಿ ಇಳಿಯಿತೆಂದು ಯಾರೂ ಹಿಂದಕ್ಕೆ ಹೋಗುವುದಿಲ್ಲ. ಆ ತಂತಿಯಲ್ಲಿ ಹರಿಯುವುದರಲ್ಲಿ ರಾಯಚೂರಿನ ಕಲ್ಲಿದ್ದಲಿನ ಪಾಲೂ ಇದೆ ಎಂಬುದು ನಿಜ. ಆದರೂ ಅದೇ ತಂತಿಗೆ ನಾಳೆ ಗಾಳಿಯನ್ನೂ ಬಿಸಿಲನ್ನೂ ಜೋಡಿಸಬಹುದು. ಗದುಗಿನ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,000 ಮೆಗಾವ್ಯಾಟಿನ ಸೌರ ಉದ್ಯಾನ ಎದ್ದಿದೆ. ಮೊದಲ ಹಂತ 2018ರಲ್ಲಿ ಉದ್ಘಾಟನೆಯಾಯಿತು. ರೈತರ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ 28 ವರ್ಷಗಳ ಗುತ್ತಿಗೆಗೆ ಪಡೆದುದು ಒಳ್ಳೆಯ ನಡೆ. ಆದರೆ ಭೂಮಿಯೇ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಯಾವ ಗುತ್ತಿಗೆಯೂ ಇಲ್ಲ. ಎಥೆನಾಲ್ ವಿಷಯವೂ ಹೀಗೆ ಎರಡು ಬಾಯಿಯ ಕತ್ತಿ. ಪೆಟ್ರೋಲಿಗೆ ಶೇಕಡಾ 20 ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಬೆಳಗಾವಿ-ಬಾಗಲಕೋಟೆಯ ಕಬ್ಬಿಗೂ ನಮ್ಮ ಕಡೆಯ ಗೋವಿನಜೋಳಕ್ಕೂ ಹೊಸ ಗಿರಾಕಿ ಸಿಕ್ಕಿತು. ಆದರೆ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಮಾಡಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳುತ್ತದೆ. 2025ರ ನವೆಂಬರಿನಲ್ಲಿ ಗೋವಿನಜೋಳದ ಬೆಲೆಗಾಗಿ ರೈತರು ರಸ್ತೆಗಿಳಿದಾಗ ಎಥೆನಾಲ್ ಖರೀದಿಯ ಪ್ರಮಾಣವೂ ಜಗಳದ ವಿಷಯವಾಗಿತ್ತು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಇದ್ದಿಲಿನ ಬಸ್ಸಿನಲ್ಲಿ ಕುಳಿತವರು ಈಗ ತೊಂಬತ್ತರ ಆಸುಪಾಸಿನವರು. ನಿಮ್ಮ ಮನೆಯಲ್ಲಿ, ಮೊಹಲ್ಲಾದಲ್ಲಿ ಅಂಥವರು ಇದ್ದರೆ ಹೋಗಿ ಕೇಳಿರಿ. ಇದ್ದಿಲು ಎಲ್ಲಿಂದ ಬರುತ್ತಿತ್ತು, ಚೀಲಕ್ಕೆ ಏನು ದರ, ಆ ಪೀಪಾಯಿ ಮಾಡಿಕೊಡುತ್ತಿದ್ದ ಮಿಸ್ತ್ರಿ ಯಾರು, ಅವನ ಅಂಗಡಿ ಯಾವ ಓಣಿಯಲ್ಲಿತ್ತು, ಅದನ್ನು ಕಳಚಿ ಎಸೆದುದು ಯಾವ ವರ್ಷ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿರಿ. ಮುಂದಿನ ವರ್ಷದ ಸಂಚಿಕೆಗೆ ಇನ್ನೂ ಸಮಯವಿದೆ.